ಐದು ಆಂಪಿಯರಿನ ಕಡಲು

ಅಂತೆಲಿಯಾಸ್, ಬೈರೂತ್
ಅಕ್ಟೋಬರ್ ೯

ತಮ್ಮ ನಸೀಫನಿಗೆ,

ಕಾಗದದ ಮೊದಲ ಸಾಲಿನಲ್ಲಿ ಕ್ಷೇಮ ಎಂದು ಬರೆಯಬೇಕಂತೆ. ನಾನು ಕ್ಷೇಮವಾಗಿಲ್ಲ. ನೀನು ಇದ್ದೀಯೆಂದು ಕೇಳಿದೆ. ಕದೀಶಾ ಕಣಿವೆಯಲ್ಲಿ ತಣ್ಣನೆ ಗಾಳಿಯಂತೆ, ಮಠದ ಸೇಬಿನ ತೋಟದಲ್ಲಿ ಕೆಲಸವಂತೆ, ಬೆಳಗಾಗುವ ಮುಂಚೆ ಎದ್ದು ಹಾಡುತ್ತೀರಂತೆ. ಎಲ್ಲ ವ್ಯಾನಿನ ದೀಬ್ ಹೇಳಿದ. ಈ ಕಾಗದವನ್ನು ಮೇಲಕ್ಕೆ ತರುವವನೂ ಅವನೇ. ಐವತ್ತಮೂರನೆಯ ವಯಸ್ಸಿನಲ್ಲಿ ಸನ್ಯಾಸಕ್ಕೆ ಹೊರಟವನನ್ನು ಒಂದು ವರ್ಷ ಪರೀಕ್ಷೆಗೆ ಇಡುತ್ತಾರೆ, ಫೋನು ಕೊಡುವುದಿಲ್ಲ, ಬರುವ ಹೋಗುವ ಕಾಗದವನ್ನೆಲ್ಲ ಮಠದ ಹಿರಿಯ ಪಾದ್ರಿ ಅಬೂನಾ ಎಫ್ರೇಮ್ ಮೊದಲು ಓದುತ್ತಾರೆ ಎಂದೂ ಹೇಳಿದ. ಓದಲಿ. ಅಬೂನಾ, ನಮಸ್ಕಾರ. ಇದು ನಿಮಗೂ ಸೇರಿಸಿಯೇ ಬರೆದದ್ದು.

ಲೋ ನಸೀಫ್, ಲೋಕವನ್ನೆಲ್ಲ ಬಿಟ್ಟು ಹೋದವನು ಪ್ಲಗ್ಗನ್ನು ಮಾತ್ರ ನನ್ನ ಗೋಡೆಯಲ್ಲಿ ಚುಚ್ಚಿಟ್ಟು ಹೋಗಿದ್ದೀಯಲ್ಲ!

ಮುಂದಿನ ಕೋಣೆಯಲ್ಲಿ ಶವಪೆಟ್ಟಿಗೆಗಿಂತ ಉದ್ದದ ಗಾಜಿನ ತೊಟ್ಟಿ. ಒಳಗೆ ಉಪ್ಪುನೀರು, ಕಲ್ಲು, ನಾಲ್ಕು ಮೀನು, ಮತ್ತೆ ನೀನು ಹವಳ ಹವಳ ಎಂದು ಬಾಯಿ ಬಿಡುತ್ತಿದ್ದ ಆ ಗಂಟುಗಳು. ನನಗೆ ಗೊತ್ತಿದ್ದ ಹವಳ ಅಮ್ಮನ ಕೊರಳಲ್ಲಿತ್ತು. ಅದು ಕರೆಂಟು ಕೇಳುತ್ತಿರಲಿಲ್ಲ. ಇವಕ್ಕೆ ಮುಖವಿಲ್ಲ, ಕರೆದರೆ ತಿರುಗುವುದಿಲ್ಲ, ಹುರಿದರೆ ತಿನ್ನಲಿಕ್ಕೂ ಬರುವುದಿಲ್ಲ. ಇವಕ್ಕೆ ಬಾಡಿಗೆ ಸೂರ್ಯ ಬೇಕು, ಬಾಡಿಗೆ ಅಲೆ ಬೇಕು, ಬೇಸಿಗೆ ಬಂದರೆ ಬಾಡಿಗೆ ಚಳಿಗಾಲ ಬೇಕು. ಬೀದಿ ದಾಟಿದರೆ ನಿಜವಾದ ಕಡಲೇ ಬಿದ್ದಿದೆ. ಅದಕ್ಕೆ ಯಾರೂ ಪ್ಲಗ್ ಚುಚ್ಚಿಲ್ಲ.

ನಿನಗೆ ಸಂಬಳ ಬರುತ್ತಿದ್ದಾಗ ನೀನು ತೊಟ್ಟಿಗೆಂದೇ ಬೀದಿಯ ಜನರೇಟರಿನಿಂದ ಬೇರೆ ತಂತಿ ಎಳೆಸಿದ್ದೆ. ಹೋಗುವಾಗ ಅದನ್ನು ನಿಲ್ಲಿಸಿ ಹೋದೆ, ಬಡತನದ ವ್ರತ ಎಂದು. ವ್ರತ ನಿನ್ನದು, ಆಚರಣೆ ನನ್ನದು. ಈಗ ಇಡೀ ಮನೆಗೆ ಇರುವುದು ನನ್ನ ಹಳೆಯ ಐದು ಆಂಪಿಯರ್. ಇಸ್ತ್ರಿಪೆಟ್ಟಿಗೆಗೆ ನಾಲ್ಕು, ಫ್ರಿಜ್ಜಿಗೆ ಒಂದು: ಹೀಗೆ ವರ್ಷಗಟ್ಟಲೆ ನಡೆಯಿತು. ಈಗ ನಿನ್ನ ತೊಟ್ಟಿಯೊಂದೇ ನಾಲ್ಕು ನುಂಗುತ್ತದೆ. ಇಸ್ತ್ರಿ ಹಚ್ಚಿದೆನೋ, ಟಪ್, ಮನೆಯೆಲ್ಲ ಕತ್ತಲೆ. ಆ ಸ್ವಿಚ್ಚು ಇರುವುದು ಕೆಳಗೆ ಬೀದಿಯಲ್ಲಿ, ಜನರೇಟರಿನ ತಾನಿಯೋಸ್ ಬೀಗ ಹಾಕಿದ ಪಂಜರದೊಳಗೆ. ಮೂರು ಮಹಡಿ ಇಳಿದು ಅವನ ಮುಖ ನೋಡಬೇಕು.

"ಮತ್ತೆ ಬಿತ್ತಾ ಲಬೀಬಕ್ಕಾ? ಹತ್ತು ಆಂಪಿಯರ್ ತಗೊಂಬಿಡು, ತಲೆನೋವೇ ಇಲ್ಲ."

"ಹತ್ತು ತಗೊಂಡು ನಿನ್ನ ಹೊಟ್ಟೆ ಬೆಳೆಸ್ಲಾ? ಅದಾಗ್ಲೇ ನಿನಗಿಂತ ಮುಂಚೆ ಬಾಗಿಲು ದಾಟ್ತಿದೆ."

"ಹಂಗಾದ್ರೆ ಮೀನು ಹುರ್ಕೊಂಡು ತಿನ್ನು."

ಆ ಮನುಷ್ಯ ಜೀವಮಾನದಲ್ಲಿ ಮೊದಲ ಸಲ ಬುದ್ಧಿಯ ಮಾತಾಡಿದ.

ನೀನು ಹಡಗಿನ ವಿಮೆ ಕಚೇರಿಯಲ್ಲಿ ಕೂತು ಬರೆದವನು, ಓದಿದವನು. ನಾನು ಐದನೆಯ ತರಗತಿಗೇ ಶಾಲೆ ಬಿಟ್ಟು ಇಸ್ತ್ರಿ ಹಿಡಿದವಳು. ನಿನ್ನ ಶಾಲೆಯ ಅಂಗಿಗೂ ನಾನೇ ಇಸ್ತ್ರಿ ಹಾಕಿದ್ದು. ಹೋಟೆಲಿನ ಮೇಜುಬಟ್ಟೆಗಳು ಈ ವಾರ ಮುದುರಿಕೊಂಡೇ ವಾಪಸು ಹೋದವು. ಇನ್ನೊಂದು ವಾರ ಹೀಗಾದರೆ ಅವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ, ನನ್ನ ಒಲೆ ಆರುತ್ತದೆ. ಆದ್ದರಿಂದ ಕೇಳು: ಆ ತೊಟ್ಟಿಯನ್ನು ಒಂದು ಆಂಪಿಯರಿಗೆ ಇಳಿಸುವ ದಾರಿ ಬರೆದು ಕಳಿಸು. ನವೆಂಬರ್ ಒಂದರ ಸರ್ವ ಸಂತರ ಹಬ್ಬದವರೆಗೆ ಕಾಯುತ್ತೇನೆ. ಆಮೇಲೆ ಪ್ಲಗ್ ಕೀಳುತ್ತೇನೆ.

ನಿನ್ನ ಅಕ್ಕ,
ಲಬೀಬೆ


ಕದೀಶಾ
ಅಕ್ಟೋಬರ್ ೧೯

ಪ್ರೀತಿಯ ಅಕ್ಕಾ,

ಕೀಳಬೇಡ. ನನಗಾಗಿ ಅಲ್ಲ, ಆ ಜೀವಗಳಿಗಾಗಿ ಬೇಡುತ್ತೇನೆ.

ಬಿಳಿ ವಯರಿನದು ನೀರು ತಂಪು ಮಾಡುವ ಯಂತ್ರ. ಹೆಚ್ಚು ತಿನ್ನುವುದು ಅದೇ. ಚಳಿ ಬರುತ್ತಿದೆಯಲ್ಲ, ಅದನ್ನು ತೆಗೆದುಬಿಡು. ಬೇಸಿಗೆಯಲ್ಲಿ ಕೂಡ ನೀರಿನ ಮೇಲೆ ಗಾಳಿ ಬೀಸುವ ಸಣ್ಣ ಫ್ಯಾನು ಸಾಕಾದೀತು, ಆವಿಯಾಗಿ ಹೋದಷ್ಟು ಸಿಹಿನೀರು ತುಂಬುತ್ತಿರಬೇಕು ಅಷ್ಟೆ. ದೀಪಗಳು ಹನ್ನೆರಡು ಗಂಟೆ ಉರಿಯುತ್ತಿವೆ, ಎಂಟು ಸಾಕು. ತೊಟ್ಟಿಯ ಬೆನ್ನಿಗೂ ಎರಡು ಪಕ್ಕಕ್ಕೂ ದಪ್ಪ ಕಂಬಳಿ ಕಟ್ಟಿದರೆ ಶಾಖ ಹೊರಗೆ ಹೋಗುವುದಿಲ್ಲ, ಹೀಟರಿಗೆ ಕೆಲಸ ಕಡಿಮೆಯಾಗುತ್ತದೆ. ಮೂರು ಪಂಪುಗಳಲ್ಲಿ ಎರಡನ್ನು ನಿಲ್ಲಿಸಬಹುದೇನೋ, ಯೋಚಿಸಿ ಬರೆಯುತ್ತೇನೆ. ಆದರೆ ಮೂಲೆಯದನ್ನು ಎಂದೂ ನಿಲ್ಲಿಸಬೇಡ. ನೀರು ತಿರುಗುವುದೇ ಅವುಗಳ ಉಸಿರು. ಜನರೇಟರ್ ನಿಂತಾಗ ಅದಕ್ಕೆಂದೇ ಕೆಳಗೆ ಕಾರಿನ ಬ್ಯಾಟರಿ ಜೋಡಿಸಿದ್ದೇನೆ.

ಕೊಂಬೆ ಕೊಂಬೆಯಾಗಿ ಬೆಳೆದ ನೀಲಿ ಹವಳವಿದೆಯಲ್ಲ, ಅದರ ಮೇಲೆ ಕಣ್ಣಿಡು. ಬೆರಳಷ್ಟಿದ್ದದ್ದನ್ನು ತಂದು ಆರು ವರ್ಷ ಸಾಕಿದೆ.

ಇಲ್ಲಿ ಎಲ್ಲವೂ ಶಾಂತ. ನಿನಗಾಗಿ ಪ್ರಾರ್ಥಿಸುತ್ತೇನೆ.

ನಿನ್ನ ತಮ್ಮ,
ನಸೀಫ್


ಅಂತೆಲಿಯಾಸ್
ನವೆಂಬರ್ ೬

ನಸೀಫನಿಗೆ,

ಹೀಟರಿನ ಯೋಗಕ್ಷೇಮ ವಿಚಾರಿಸಿದ್ದೀಯ, ಪಂಪಿನದು ವಿಚಾರಿಸಿದ್ದೀಯ. ನನ್ನ ನೋಯುವ ಮಂಡಿಗೆ ವಯರು ಇಲ್ಲದ್ದರಿಂದ ಮರೆತುಹೋಯಿತೇನೋ. ಅಬೂನಾ, ನಿಮ್ಮಲ್ಲಿ ದಯೆ ಕಲಿಸುವುದು ಯಾವ ತಿಂಗಳಲ್ಲಿ?

ಬಿಳಿ ವಯರು ಕಿತ್ತೆ. ಕಂಬಳಿ ಕಟ್ಟಿದೆ, ನನ್ನ ಇಸ್ತ್ರಿಮೇಜಿನ ಹಳೆಯ ಕಂಬಳಿಯನ್ನೇ. ಈಗ ನಿನ್ನ ತೊಟ್ಟಿ ನೆಗಡಿ ಹಿಡಿದ ಅತ್ತೆಯ ಹಾಗೆ ಹೊದ್ದುಕೊಂಡು ಕೂತಿದೆ. ಇಷ್ಟಾದರೂ ಎರಡು ಆಂಪಿಯರಿಗೆ ನಿಂತಿತು. ಓದಿದವನ ಬುದ್ಧಿ ಅಲ್ಲಿಗೇ ಮುಗಿಯಿತು ಎಂದು ಗೊತ್ತಾಗಿ ನಾನೇ ತಲೆ ಓಡಿಸಿದೆ.

ಬಾಗಿಲ ಹಿಂದಿನ ಬೋರ್ಡಿನಲ್ಲಿ ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎಂಬಂಥ ಸರ್ಕಾರದ ಕರೆಂಟಿನ ತಂತಿ ಬೇರೆ, ಜನರೇಟರಿನ ತಂತಿ ಬೇರೆ ಇದೆಯಲ್ಲ. ವಯರಿನವನನ್ನು ಕರೆಸಿ ದೀಪಗಳನ್ನೂ ಹೀಟರನ್ನೂ ಸರ್ಕಾರದ ತಂತಿಗೆ ಮಾತ್ರ ಕಟ್ಟಿಸಿದೆ. ಜನರೇಟರಿನ ಮೇಲೆ ಬರೀ ಪಂಪು. ಈಗ ಮೆಟ್ಟಿಲಲ್ಲಿ "ಸರ್ಕಾರ ಬಂತು! ಸರ್ಕಾರ ಬಂತು!" ಎಂದು ಕೂಗು ಎದ್ದ ಕೂಡಲೆ ಒಬ್ಬಳು ಬಟ್ಟೆ ಒಗೆಯುವ ಯಂತ್ರಕ್ಕೆ ಓಡುತ್ತಾಳೆ, ಒಬ್ಬ ಸ್ನಾನದ ನೀರಿಗೆ ಓಡುತ್ತಾನೆ, ನಿನ್ನ ಹವಳಗಳಿಗೂ ಸೂರ್ಯ ಹುಟ್ಟುತ್ತಾನೆ. ಮೊನ್ನೆ ಊಟದ ಹೊತ್ತಿಗೆ ಹುಟ್ಟಿದ. ನಿನ್ನೆ ಹುಟ್ಟಲೇ ಇಲ್ಲ. ಇವತ್ತು ಕೋಳಿ ಕೂಗುವ ಮೊದಲೇ ಹುಟ್ಟಿ ಕಾಫಿ ಕುದಿಯುವಷ್ಟರಲ್ಲಿ ಮುಳುಗಿದ. ಮೀನುಗಳು ತಬ್ಬಿಬ್ಬಾಗಿ ಒಂದರ ಮುಖ ಒಂದು ನೋಡುತ್ತಿದ್ದವು. ಇರಲಿ, ಅಭ್ಯಾಸವಾಗುತ್ತದೆ. ನಾವೆಲ್ಲ ಹಾಗೆಯೇ ಬದುಕುತ್ತಿಲ್ಲವೇ? ಇವರೇನು ರಾಯಭಾರಿಗಳ ಮಕ್ಕಳೇ?

ಇಸ್ತ್ರಿ ಬಿಸಿಯಾಗಿದೆ. ಮೇಜುಬಟ್ಟೆಗಳು ವಾಪಸು ಬಂದವು.

ಲಬೀಬೆ


ಕದೀಶಾ
ನವೆಂಬರ್ ೧೪

ಅಕ್ಕಾ,

ದೇವರಾಣೆ, ಈ ಕಾಗದ ಕೈಗೆ ಬಂದ ಕ್ಷಣವೇ ದೀಪಗಳನ್ನು ಸರ್ಕಾರದ ತಂತಿಯಿಂದ ತೆಗೆಸು. ಎಷ್ಟು ಹೊತ್ತು ಬೆಳಕು ಎಂಬುದಕ್ಕಿಂತ ದಿನಾ ಅದೇ ಹೊತ್ತಿಗೆ ಬೆಳಕು ಎಂಬುದು ಮುಖ್ಯ. ಆರೇ ಗಂಟೆ ಕೊಡು, ಅರ್ಧ ದೀಪಗಳನ್ನಷ್ಟೇ ಹಚ್ಚು, ಆದರೆ ಹೊತ್ತು ತಪ್ಪಿಸಬೇಡ. ನೀರಿನ ಶಾಖವೂ ಏರಿಳಿಯಬಾರದು. ನೀಲಿ ಹವಳದ ತುದಿಗಳು ಬಿಳಿಚಿಕೊಂಡಿವೆಯೇ? ನಿಜ ಬರೆ. ಎರಡು ದಿನದಿಂದ ಪ್ರಾರ್ಥನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ. ಅಬೂನಾ ಇದನ್ನು ಓದುತ್ತಾರೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಸೀಫ್


ಅಂತೆಲಿಯಾಸ್
ಡಿಸೆಂಬರ್ ೩

ನಸೀಫನಿಗೆ,

ನಿಜ ಬೇಕೆಂದೆ. ತಗೋ. ನೀಲಿಯದು ಸತ್ತಿತು. ತುದಿಯಿಂದ ಬಿಳಿಚಿಕೊಂಡು ಬಂದು ಒಂದು ವಾರದಲ್ಲಿ ಪೂರಾ ಸುಣ್ಣವಾಯಿತು. ಅದರ ಪಕ್ಕದ ಹಸಿರು ಕೊಂಬೆಯೂ ಅಷ್ಟೆ. ತೆಗೆದು ಬಾಲ್ಕನಿಯಲ್ಲಿಟ್ಟಿದ್ದೇನೆ, ಕ್ರಿಸ್ಮಸ್ಸಿಗೆ ಯೇಸು ಹುಟ್ಟಿದ ಗುಹೆ ಕಟ್ಟುವಾಗ ಮಣ್ಣಿನ ಕುರಿಗಳ ಹಿಂದೆ ಇಡುತ್ತೇನೆ. ಹೊತ್ತಿಗೆ ಸರಿಯಾಗಿ ಬೆಳಕು ಬೇಕು ಎಂಬ ಮಾತು ನಿನ್ನ ಮೊದಲನೆಯ ಕಾಗದದಲ್ಲಿ ಇರಲಿಲ್ಲ, ತೆಗೆದು ನೋಡಿಕೊಂಡೆ. ಆ ಪುಟದಲ್ಲಿ "ಇಲ್ಲಿ ಎಲ್ಲವೂ ಶಾಂತ" ಎಂಬುದಕ್ಕೆ ಜಾಗವಿತ್ತು.

ಅಳಬೇಡ. ಮಿಕ್ಕವು ಇವೆ: ಕಿವಿಯ ಹಾಗೆ ಮುದುರಿದ ಆ ಚರ್ಮದಂಥ ಹವಳ, ಅಣಬೆಗಳಂಥವು, ನಾಲ್ಕೂ ಮೀನು. ಕಡಿಮೆಯಲ್ಲಿ ಬದುಕಬಲ್ಲವು ಬದುಕಿವೆ.

ದೀಪಗಳನ್ನು ಸರ್ಕಾರದಿಂದ ಬಿಡಿಸಿದೆ. ಬಿಡಿಸಿದ ಮೇಲೆ ಆಂಪಿಯರ್ ಮತ್ತೆ ಏರಿತು, ಸ್ವಿಚ್ಚು ಬಿತ್ತು, ನಾನು ಇಳಿದೆ. ಹತ್ತುವಾಗ ಎರಡನೆಯ ಮಹಡಿಯಲ್ಲಿ ಕೂತುಕೊಂಡು ಯೋಚಿಸಿದೆ: ಈ ಮನೆಯಲ್ಲಿ ದಕ್ಷಿಣಕ್ಕೆ ಬಾಲ್ಕನಿ ಇದೆ, ಚಳಿಗಾಲದಲ್ಲಿ ಬಿಸಿಲು ನೆಟ್ಟಗೆ ಒಳಗೆ ಬರುತ್ತದೆ, ನಾನು ಅದಕ್ಕೆ ಕಾಲು ಚಾಚಿ ಮಂಡಿ ಕಾಯಿಸಿಕೊಳ್ಳುತ್ತೇನೆ. ಆ ಬೆಳಕು ಪುಕ್ಕಟೆ ಬರುತ್ತಿರುವಾಗ ನಿನ್ನ ತೊಟ್ಟಿ ಕತ್ತಲೆ ಕೋಣೆಯಲ್ಲಿ ದೀಪ ಹಚ್ಚಿಕೊಂಡು ಯಾಕೆ ಕೂತಿದೆ? ಇದು ವಿಮೆ ಕಚೇರಿಯವನಿಗೆ ಹೊಳೆಯಲಿಲ್ಲ.

ಬಕೆಟ್ಟುಗಳಿಗೆ ನೀರು ಇಳಿಸಿ, ದೀಬನನ್ನೂ ತಾನಿಯೋಸನನ್ನೂ ಕರೆದು ತೊಟ್ಟಿಯನ್ನು ಬಾಲ್ಕನಿಯ ಬಾಗಿಲ ಒಳಗಡೆಗೆ ಹೊರಿಸಿದೆ.

"ಲಬೀಬಕ್ಕಾ, ಇದ್ರಲ್ಲಿ ಏನಿಟ್ಟಿದ್ದೀಯಾ, ಬೆಟ್ಟಾನಾ?" ಎಂದ ದೀಬ್.

"ನಿನ್ನ ಬಾಯಿ ಇಟ್ಟಿದ್ದೀನಿ. ಎತ್ತು."

ತಾನಿಯೋಸ್ ಏದುಸಿರು ಬಿಡುತ್ತ, "ನನ್ನ ಕರೆಂಟು ಉಳ್ಸೋಕೆ ನನ್ ಕೈಲೇ ಹೊರಿಸ್ತಿದ್ದೀಯಲ್ಲಾ" ಎಂದ.

"ಕಾಫಿ ಕೊಡ್ತೀನಿ. ಸಕ್ಕರೆ ಹಾಕಲ್ಲ."

ಈಗ ಬೆಳಿಗ್ಗೆಯೆಲ್ಲ ಬಿಸಿಲು, ತೆಳ್ಳನೆ ಪರದೆಯೊಳಗಿಂದ. ಮಧ್ಯಾಹ್ನದ ಮೇಲೆ ನಾಲ್ಕು ಗಂಟೆ ಅರ್ಧ ದೀಪ. ಒಂದೇ ಪಂಪು. ಬಾಗಿಲ ಹಿಂದಿನ ಬೋರ್ಡಿನಲ್ಲಿ ತೊಟ್ಟಿಯ ಆಂಪಿಯರ್ ತೋರಿಸುವ ಮುಳ್ಳು ಒಂದರ ಹತ್ತಿರ ನಿಂತಿದೆ. ಇಸ್ತ್ರಿ ಹಚ್ಚುವಾಗ ಫ್ರಿಜ್ಜಿನ ಪ್ಲಗ್ ತೆಗೆಯುತ್ತೇನೆ. ನನ್ನ ಹಾಲು ಹುಳಿಯಾಗುತ್ತದೆ, ನಿನ್ನ ಅಣಬೆ ಬದುಕುತ್ತದೆ.

ನನ್ನ ಬಿಸಿಲಿನ ಜಾಗದಲ್ಲಿ ಈಗ ಅವು ಇವೆ. ನಾನು ಅಡುಗೆಮನೆಯಲ್ಲಿ ಕೂರುತ್ತೇನೆ.

ಲಬೀಬೆ


ಕದೀಶಾ
ಫೆಬ್ರವರಿ ೧೧

ಮಾನ್ಯ ಸೋದರಿ ಲಬೀಬೆಯವರಿಗೆ,

ದೇವರ ಶಾಂತಿ ನಿಮ್ಮೊಡನಿರಲಿ. ನಿಮ್ಮ ಕಾಗದಗಳಲ್ಲಿ ನನ್ನನ್ನು ಹಲವು ಸಲ ನೆನೆದಿದ್ದೀರಿ; ಉತ್ತರಿಸದಿದ್ದುದಕ್ಕೆ ಕ್ಷಮೆಯಿರಲಿ.

ನಿಮ್ಮ ತಮ್ಮನ ವಿಷಯ ಬರೆಯಲೇಬೇಕಾಗಿದೆ. ನಸೀಫ್ ಒಳ್ಳೆಯವರು, ಶ್ರಮಜೀವಿ. ಆದರೆ ಡಿಸೆಂಬರಿನಿಂದೀಚೆಗೆ ಸರಿಯಾಗಿ ಉಣ್ಣುತ್ತಿಲ್ಲ. ಮೌನದ ವೇಳೆಯಲ್ಲಿ ಅಂಗಳದ ಕಾರಂಜಿಯ ಮುಂದೆ ನಿಂತು ನೀರು ಸುತ್ತುವುದನ್ನೇ ನೋಡುತ್ತಾರೆ. ಕಳೆದ ವಾರ ಪಾಪನಿವೇದನೆಯ ನಡುವೆ ನಿಲ್ಲಿಸಿ, ಬೈರೂತಿನಲ್ಲಿ ಇವತ್ತು ಮೋಡವಿದ್ದೀತೇ ಎಂದು ನನ್ನನ್ನೇ ಕೇಳಿದರು. ಸೆಪ್ಟೆಂಬರಿನಲ್ಲಿ ಶಿಲುಬೆಯ ಹಬ್ಬದಂದು ಅವರು ವ್ರತ ತೆಗೆದುಕೊಳ್ಳಬೇಕು. ಹೀಗಿದ್ದರೆ ನಾನು ಒಪ್ಪಲಾರೆ. ಮನೆಗೂ ಕಳಿಸಲಾರೆ, ಏಕೆಂದರೆ ಅಲ್ಲಿಯೂ ಅವರಿಗೆ ನೆಮ್ಮದಿಯಿರಲಿಲ್ಲವೆಂದೇ ಇಲ್ಲಿಗೆ ಬಂದದ್ದು.

ಆ ತೊಟ್ಟಿಯ ಸುದ್ದಿಯನ್ನು ಸ್ವಲ್ಪ ಕಡಿಮೆ ಬರೆಯಲು ಸಾಧ್ಯವೇ?

ಎಫ್ರೇಮ್


ಅಂತೆಲಿಯಾಸ್
ಫೆಬ್ರವರಿ ೨೦

ಅಬೂನಾ,

ಈ ಹಾಳೆ ನಿಮಗೆ. ಕೆಳಗಿನ ಹಾಳೆ ಅವನಿಗೆ. ಇದನ್ನು ತೆಗೆದಿಟ್ಟುಕೊಂಡು ಅದನ್ನು ಕೊಡಿ.

ಅವನಿಗೆ ಬರೆದಿರುವುದು ಸುಳ್ಳು. ಡಿಸೆಂಬರಿನ ಆ ಎರಡು ಹವಳ ಬಿಟ್ಟರೆ ಯಾವುದೂ ಸತ್ತಿಲ್ಲ. ನಿಮ್ಮ ಬಾಯಿಂದ ಸುಳ್ಳು ಹೇಳಿಸುತ್ತಿಲ್ಲ, ಹೆದರಬೇಡಿ. ನೀವು ಸುಮ್ಮನಿದ್ದರೆ ಸಾಕು, ಸುಮ್ಮನಿರುವುದು ನಿಮ್ಮ ಕಸುಬು. ಒಂದು ಕಾಲು ಉಪ್ಪುನೀರಿನಲ್ಲಿಟ್ಟುಕೊಂಡು ಅವನು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ. ಚಿಕ್ಕಂದಿನಿಂದಲೂ ಹೀಗೆಯೇ. ಮದುವೆಗೆ ಹುಡುಗಿ ನೋಡಿದೆ, ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಅವಳು ಕಾದು ಕಾದು ಬೇರೆಯವನ ಕೈ ಹಿಡಿದಳು. ಈಗ ಒಂದು ಕಡೆಗೆ ಬೀಳಲಿ.

ನೆಮ್ಮದಿಯಿರಲಿಲ್ಲ ಎಂದು ಬರೆದಿದ್ದೀರಿ. ಅವನು ಏನು ಹೇಳಿದನೋ ನಾನು ಕೇಳಿಲ್ಲ. ಕೇಳುವುದೂ ಇಲ್ಲ.

ಲಬೀಬೆ


ನಸೀಫನಿಗೆ,

ಎಲ್ಲ ಮುಗಿಯಿತು. ಬ್ಯಾಟರಿ ಕೈಕೊಟ್ಟಿತು, ಪಂಪು ನಿಂತಿತು, ಬೆಳಿಗ್ಗೆ ಎದ್ದಾಗ ನೀರು ಹಾಲಿನ ಹಾಗಿತ್ತು. ಮೀನುಗಳೂ ಹೋದವು. ನೀರು ಚೆಲ್ಲಿದೆ, ಕಲ್ಲನ್ನು ಕಡಲಿಗೆ ಹಾಕಿಸಿದೆ. ತೊಟ್ಟಿ ಖಾಲಿಯಿದೆ, ಅದರಲ್ಲಿ ಒಗೆಯುವ ಬಟ್ಟೆ ಹಾಕುತ್ತೇನೆ. ಇನ್ನು ನೀನು ಪ್ರಾರ್ಥನೆ ಮಾಡಿಕೋ.

ಲಬೀಬೆ


ಕದೀಶಾ
ಮಾರ್ಚ್ ೮

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ಹದಿನೈದು ದಿನವಾಗಿರಬೇಕು. ಮೊದಲ ದಿನ ತೋಟಕ್ಕೆ ಹೋಗಿ ಸಂಜೆಯವರೆಗೆ ಸೇಬಿನ ಗಿಡಗಳ ಬುಡ ಅಗೆದೆ. ಅಗೆಯಬೇಕಾದ್ದಕ್ಕಿಂತ ಹೆಚ್ಚೇ ಅಗೆದೆ. ಎರಡನೆಯ ದಿನ ಏನೂ ಅನ್ನಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಹಾಡುವಾಗ ನನ್ನ ದನಿ ನನಗೇ ಕೇಳಿಸಿತು. ಇಲ್ಲಿಗೆ ಬಂದ ಮೇಲೆ ಅದೇ ಮೊದಲು.

ನಿನ್ನ ಮಂಡಿ ಹೇಗಿದೆ? ಮೂರು ಮಹಡಿ ಹತ್ತುವಾಗ ಎರಡನೆಯದರಲ್ಲಿ ಕೂತೆ ಎಂದು ಡಿಸೆಂಬರಿನಲ್ಲಿ ಬರೆದಿದ್ದೆ. ಆಗ ನಾನು ಆ ಸಾಲನ್ನು ದಾಟಿ ನೀಲಿ ಹವಳದ ಸಾಲನ್ನು ಮತ್ತೆ ಮತ್ತೆ ಓದಿದೆ. ಬಕೆಟ್ಟುಗಳನ್ನು ನೀನೊಬ್ಬಳೇ ಎತ್ತಿದೆಯಾ?

ನಸೀಫ್


ಅಂತೆಲಿಯಾಸ್
ಏಪ್ರಿಲ್ ೧೫

ನಸೀಫನಿಗೆ,

ಈಗ ನೆನಪಾಯಿತೇ ಮಂಡಿ? ಅದು ಇದ್ದಲ್ಲೇ ಇದೆ, ತೊಡೆಯ ಕೆಳಗೆ. ಬಕೆಟ್ಟು ನಾನೇ ಎತ್ತಿದೆ, ಇನ್ನೇನು ಪೋಪ್ ಬಂದು ಎತ್ತುತ್ತಾರೆಯೇ?

ಈಸ್ಟರ್ ಬಂತು ಹೋಯಿತು. ಇಡೀ ಅಂತೆಲಿಯಾಸಿಗೆ ವರ್ಷಕ್ಕೊಂದೇ ದಿನ ಬಿಳಿ ಅಂಗಿ ನೆನಪಾಗುತ್ತದೆ, ಅದೂ ಹಬ್ಬದ ಹಿಂದಿನ ದಿನ. ಹೆಗಲೆತ್ತರಕ್ಕೆ ಬಟ್ಟೆ. ಅವಸರದಲ್ಲಿ ಫ್ರಿಜ್ಜಿನ ಪ್ಲಗ್ ತೆಗೆಯುವುದನ್ನು ಮರೆತು ಇಸ್ತ್ರಿ ಹಚ್ಚಿದೆ, ಟಪ್ ಎಂದು ಬಿತ್ತು. ತಾನಿಯೋಸ್ ಪೂಜೆಗೆ ಹೋಗಿದ್ದ, ಪಂಜರಕ್ಕೆ ಬೀಗ. ಆ ಮನುಷ್ಯನಿಗೆ ವರ್ಷವಿಡೀ ದೇವರಿಲ್ಲ, ನನ್ನ ಸ್ವಿಚ್ಚು ಬಿದ್ದ ದಿನವೇ ಭಕ್ತಿ ಬರಬೇಕೇ! ಅವನು ಬರುವವರೆಗೆ ಕತ್ತಲೆಯಲ್ಲಿ ಕೂತು ಅವನ ವಂಶಕ್ಕೆಲ್ಲ ಹಿಡಿಶಾಪ ಹಾಕಿದೆ. ಹಬ್ಬದ ಹೊತ್ತಿನಲ್ಲಿ ಬೈದದ್ದಕ್ಕೆ ಅಬೂನಾ ಅಲ್ಲಿಂದಲೇ ಪಾಪವಿಮೋಚನೆ ಮಾಡಲಿ.

ಹಬ್ಬಕ್ಕೆ ಮಾಮೂಲ್ ಬಿಸ್ಕತ್ತು ಮಾಡಿದ್ದೆ. ದೀಬನ ಕೈಲಿ ಕಳಿಸಿದ್ದೇನೆ. ಪಿಸ್ತಾ ತುಂಬಿದ್ದು ನಿನಗೆ, ಖರ್ಜೂರದ್ದು ಮಿಕ್ಕವರಿಗೆ.

ಲಬೀಬೆ


ಕದೀಶಾ
ಏಪ್ರಿಲ್ ೨೪

ಅಕ್ಕಾ,

ಇಸ್ತ್ರಿಗೆ ನಾಲ್ಕು, ಫ್ರಿಜ್ಜಿಗೆ ಒಂದು. ತೊಟ್ಟಿ ಬರುವ ಮುಂಚೆ ಅವೆರಡೂ ಒಟ್ಟಿಗೇ ಓಡುತ್ತಿದ್ದವು, ಎಂದೂ ಬೀಳುತ್ತಿರಲಿಲ್ಲ. ತೊಟ್ಟಿ ಖಾಲಿಯಾಗಿದ್ದರೆ ಫ್ರಿಜ್ಜಿನ ಪ್ಲಗ್ಗನ್ನು ನೀನು ಯಾಕೆ ತೆಗೆಯಬೇಕು? ಅದು ಯಾಕೆ ಬೀಳಬೇಕು?

ಇದನ್ನು ಊಟದ ಮನೆಯಲ್ಲಿ ಓದಿದೆ. ಮೌನದ ವೇಳೆ. ನಕ್ಕುಬಿಟ್ಟೆ, ಗಟ್ಟಿಯಾಗಿ. ಒಂದು ವಾರ ಎಲ್ಲರ ಪಾತ್ರೆ ತೊಳೆಯುವ ಶಿಕ್ಷೆಯಾಯಿತು. ಅಬೂನಾರ ಮುಖ ನೋಡಿದೆ. ಅವರು ತಟ್ಟೆ ನೋಡುತ್ತಿದ್ದರು.

ಅವು ಬದುಕಿವೆ ಎಂದು ಗೊತ್ತಾದ ಮೇಲೆ ಮತ್ತೆ ಮನಸ್ಸು ಕದಡುತ್ತದೆಂದು ಹೆದರಿದೆ. ಕಾದು ನೋಡಿದೆ. ಕದಡಲಿಲ್ಲ. ವ್ರತ ತೆಗೆದುಕೊಳ್ಳುತ್ತೇನೆ ಎಂದು ಅಬೂನಾರಿಗೆ ಹೇಳಿದೆ. ಹೂಂ ಎಂದೇ ಹೇಳಿದೆ ಅಕ್ಕಾ.

ತೊಟ್ಟಿ ಇನ್ನು ನಿನ್ನದು. ಏನು ಮಾಡಿದರೂ ಕೇಳುವುದಿಲ್ಲ.

ನಸೀಫ್


ಅಂತೆಲಿಯಾಸ್
ಆಗಸ್ಟ್ ೨೭

ನಸೀಫನಿಗೆ,

ನಾಲ್ಕು ತಿಂಗಳು ಬರೆಯಲಿಲ್ಲ. ಬರೆಯಲು ಏನಿತ್ತು? ಓದಿದವನು ಲೆಕ್ಕ ಕಂಡುಹಿಡಿದೆ, ಶಭಾಶ್.

ಬೇಸಿಗೆ ಹೇಗೆ ಕಳೆದೆ ಎಂದು ಕೇಳಿಲ್ಲ, ಆದರೂ ಹೇಳುತ್ತೇನೆ. ಹೀಟರು ಪೆಟ್ಟಿಗೆ ಸೇರಿತು. ಬಾಲ್ಕನಿಯ ಬಾಗಿಲಿಗೆ ಒದ್ದೆ ಚಾದರ ಕಟ್ಟಿದೆ, ನೀರಿನ ಮೇಲೆ ಅಂಗೈಯಗಲದ ಫ್ಯಾನು ಇಟ್ಟೆ. ದಿನಾ ಅರ್ಧ ಬಕೆಟ್ ಆವಿಯಾಗುತ್ತದೆ, ದಿನಾ ಸಿಹಿನೀರು ತುಂಬುತ್ತೇನೆ. ಬಿಸಿಲು ಮೇಲೇರಿ ಒಳಗೆ ಬರುವುದು ನಿಂತಿತು. ನೀನು ಹಾಕಿದ್ದ ಆ ನೀಲಿ ದೊಡ್ಡ ದೀಪಗಳನ್ನು ತೆಗೆಸಿ ಒಂದೇ ಸಣ್ಣದನ್ನು ಹಾಕಿಸಿದೆ. ಮುಳ್ಳು ಅರ್ಧಕ್ಕೆ ಬಂದಿದೆ. ಅರ್ಧ ಆಂಪಿಯರ್! ತಾನಿಯೋಸ್ ನಂಬದೆ ಮೇಲೆ ಬಂದು ನೋಡಿಕೊಂಡು ಹೋದ. "ನಿನ್ನಂಥೋರು ಬೀದಿಗಿಬ್ರಿದ್ರೆ ನಾನು ಮುಚ್ಕೊಂಡ್ ಹೋಗ್ಬೇಕು" ಎಂದ. ನನ್ನ ಜೀವನದಲ್ಲಿ ಯಾರೂ ನನ್ನನ್ನು ಹೀಗೆ ಹೊಗಳಿರಲಿಲ್ಲ.

ಆ ಚರ್ಮದ ಹವಳ ಎರಡರಷ್ಟಾಗಿದೆ. ಕುರೂಪ. ಇಸ್ತ್ರಿಗೆ ಮಾತ್ರ ಇನ್ನೂ ಫ್ರಿಜ್ಜು ಬಿಡಿಸಲೇಬೇಕು, ಈ ಸೆಕೆಯಲ್ಲಿ ಅದು ಇನ್ನೂ ಹೆಚ್ಚು ಎಳೆಯುತ್ತದೆ. ಅಡುಗೆಮನೆಯೆಲ್ಲ ಕೆಟ್ಟ ಹಾಲಿನ ವಾಸನೆ.

ಶಿಲುಬೆಯ ಹಬ್ಬದ ದಿನ ಬರುತ್ತೇನೆ. ನೀನು ಕರೆದಿಲ್ಲ, ಗೊತ್ತು.

ಲಬೀಬೆ


ಅಂತೆಲಿಯಾಸ್
ಸೆಪ್ಟೆಂಬರ್ ೧೭

ನಸೀಫನಿಗೆ, ಮತ್ತು ಇದನ್ನು ಮೊದಲು ಓದುವ ಆ ಇನ್ನೊಬ್ಬರಿಗೆ,

ಮನೆಗೆ ಬಂದು ಮೂರು ದಿನವಾಯಿತು. ಕೋಪ ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ.

ನೀನು ದೇವರ ಮುಂದೆ ನೆಲಕ್ಕೆ ಬೋರಲು ಬಿದ್ದೆ, ಮೇಲೆ ಕಪ್ಪು ಬಟ್ಟೆ ಹೊದಿಸಿದರು, ಲೋಕಕ್ಕೆ ಸತ್ತ ಎಂದು ಹಾಡಿದರು. ನಾನೂ ಕಣ್ಣೊರೆಸಿಕೊಂಡೆ. ಆ ಹೊದಿಕೆಯ ಮಡಿಕೆ ಡೊಂಕಾಗಿತ್ತು, ಅದನ್ನು ನೋಡಿ ಕಣ್ಣೀರು ನಿಂತಿತು. ಪೂಜೆ ಮುಗಿದು ಊಟಕ್ಕೆಂದು ಮಠದೊಳಗಿನ ಓಣಿಯಲ್ಲಿ ನಡೆದೆ. ನಡುಹಗಲು. ಓಣಿಯುದ್ದಕ್ಕೂ ದೀಪ ಉರಿಯುತ್ತಿದೆ. ಅಡುಗೆಮನೆಯಲ್ಲಿ ಎರಡು ಫ್ರಿಜ್ಜು, ಒಂದು ಕರೆಂಟಿನ ಒಲೆ, ಹಣ್ಣು ಹಿಂಡುವ ಯಂತ್ರ, ಎಲ್ಲ ಒಟ್ಟಿಗೆ. ನನ್ನ ಕಿವಿ ತಾನಾಗಿಯೇ ಆ ಟಪ್ ಎಂಬುದಕ್ಕೆ ಕಾಯಿತು. ಬರಲಿಲ್ಲ. ಅಡುಗೆಯ ಮುದುಕ ಸನ್ಯಾಸಿಯನ್ನು ಹಿಡಿದು ಕೇಳಿದೆ.

"ಯಾರಪ್ಪಾ ನಿಮ್ಮ ಜನರೇಟರಿನವನು? ಎಷ್ಟು ಆಂಪಿಯರ್ ಕೊಡ್ತಾನೆ?"

"ಜನರೇಟರಾ? ಇಲ್ಲ ತಾಯಿ. ಹಿಂದ್ಗಡೆ ಹಳ್ಳ ಇದೆಯಲ್ಲ, ಅದ್ರಲ್ಲಿ ಕರೆಂಟು ತೆಗೆಯೋ ಚಕ್ರ ಇಟ್ಟಿದ್ದೀವಿ. ಹಗಲೂ ಇರುತ್ತೆ, ರಾತ್ರೀನೂ ಇರುತ್ತೆ."

"ಯಾವಾಗಿಂದ?"

"ನಮ್ ತಾತನ ಕಾಲದಿಂದ."

ಆ ಮಾತು ಕೇಳಿ ನಾನು ಬೆಂಚಿನ ಮೇಲೆ ಕೂತುಕೊಂಡೆ. ನೀನು ಹೊಸ ಅಂಗಿ ತೊಟ್ಟು ನಗುತ್ತ ಬಂದೆ. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದೆ.

"ಹೇಳೋಕೆ ನಾಚಿಕೆ ಆಯ್ತು ಅಕ್ಕಾ."

ನಾಚಿಕೆ! ಇಡೀ ದೇಶದಲ್ಲಿ ಕರೆಂಟು ಹೋಗದ ಮನೆ ಹುಡುಕಿ ಹೋಗಿ ಅಲ್ಲಿ ಕೂತು ಬಡತನದ ವ್ರತ ಮಾಡಿದ್ದೀಯ. ಉರಿಯುವ ಬಲ್ಬಿನ ಕೆಳಗೆ ಕೂತು, ದೀಪ ಎಂಟು ಗಂಟೆ ಸಾಕು ಆರು ಗಂಟೆ ಸಾಕು ಎಂದು ನನಗೆ ಬುದ್ಧಿ ಬರೆದಿದ್ದೀಯ. ಮತ್ತೆ ಅಬೂನಾ, ನೀವು! "ನಮಗೂ ಮುಜುಗರವೇ ಆಗುತ್ತಿತ್ತು ಸೋದರಿ" ಎಂದಿರಿ. ಆಗಲಿ ಇನ್ನಷ್ಟು.

ಅಷ್ಟರಲ್ಲಿ ನಸೀಫ್, ನೀನು ನನ್ನ ಕಿವಿಯಲ್ಲಿ ಏನು ಪಿಸುಗುಟ್ಟಿದೆ ಎಂದು ಅವರಿಗೂ ಗೊತ್ತಾಗಲಿ. "ಅಕ್ಕಾ, ತೊಟ್ಟೀನ ಇಲ್ಲಿಗೇ ತಂದುಬಿಟ್ರೆ..." ಎಂದೆ. ಬೋರಲು ಬಿದ್ದು ಎಲ್ಲ ಬಿಟ್ಟೆ ಎಂದು ಹೇಳಿ ಇನ್ನೂ ಮೊಣಕಾಲಿನ ಧೂಳು ಉದುರಿರಲಿಲ್ಲ! ಅದು ಬರುವುದಿಲ್ಲ. ಅದು ನನ್ನದು, ನೀನೇ ಬರೆದುಕೊಟ್ಟಿದ್ದೀಯ. ಅರ್ಧ ಆಂಪಿಯರಿನಲ್ಲಿ ಬದುಕಲು ಕಲಿತಿದೆ, ನಿಮ್ಮ ಭೋಗಕ್ಕೆ ತಂದು ಅದನ್ನು ಕೆಡಿಸುವುದಿಲ್ಲ.

ಬರುವುದು ಇಸ್ತ್ರಿ.

ದೀಬನಿಗೆ ಹೇಳಿ ಆಗಿದೆ. ಈ ಗುರುವಾರದಿಂದ ಪ್ರತಿ ಗುರುವಾರ ಬೆಳಗಿನ ವ್ಯಾನಿಗೆ ಎರಡು ಗಂಟು ಬಟ್ಟೆ, ಇಸ್ತ್ರಿಪೆಟ್ಟಿಗೆ, ನಾನು. ಇಸ್ತ್ರಿ ಅಲ್ಲಿ, ಫ್ರಿಜ್ಜು ಇಲ್ಲಿ, ಹಾಲು ಹಾಲಾಗಿಯೇ ಇರುತ್ತದೆ. ಅತಿಥಿಗಳ ಕೋಣೆಯ ಉದ್ದನೆಯ ಮೇಜನ್ನು ಖಾಲಿ ಮಾಡಿಸಿಡಿ. ಹೆಂಗಸರು ಆ ಕೋಣೆಯವರೆಗೆ ಬರಬಹುದೆಂದು ಗೋಡೆಯ ಮೇಲೆ ಬರೆದು ಹಾಕಿದ್ದೀರಿ, ಓದಿಕೊಂಡು ಬಂದಿದ್ದೇನೆ. ಸನ್ಯಾಸಿಗಳ ಅಂಗಿಯನ್ನೂ ತಂದುಕೊಡಿ. ಹದಿಮೂರು ಜನ ನಿಂತಿದ್ದಿರಿ, ಒಬ್ಬನ ಕಾಲರಾದರೂ ನೆಟ್ಟಗಿರಲಿಲ್ಲ. ದೇವರು ಹೇಗೆ ಸಹಿಸಿಕೊಂಡಿದ್ದಾನೋ.

ನಸೀಫ್, ಮೇಜಿನ ಪಕ್ಕದಲ್ಲಿ ನಿನಗೊಂದು ಕುರ್ಚಿ ಹಾಕಿಕೋ. ನಾನು ಇಸ್ತ್ರಿ ಹಾಕಿಕೊಡುತ್ತೇನೆ, ನೀನು ಮಡಚು. ಮಾತಾಡಬೇಕಾಗಿಲ್ಲ, ನಿಮಗೆ ಮೌನ ಅಭ್ಯಾಸವಿದೆ. ತೋಟದಿಂದ ನೆಟ್ಟಗೆ ಬರಬೇಡ, ಕೈ ತೊಳೆದುಕೊಂಡು ಬಾ. ಸೇಬಿನ ಕಲೆ ಬಿಳಿ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ.

ಅಕ್ಕ,
ಲಬೀಬೆ